ಮೂರನೇ ನಳಿಕೆ

ವಿಧಾನ ಸುಲಭ.
ನಳಿಕೆಯಲ್ಲಿ ಎರಡು ಮಿಲಿ ದ್ರಾವಣ, ಹನಿ ರಕ್ತ,
ಐದು ನಿಮಿಷದ ಮೇಲೆ
ಅಕ್ಷರವಿರುವ ಕಾಗದದ ಮುಂದೆ ಹಿಡಿಯಬೇಕು.
ಅಕ್ಷರ ಕಂಡರೆ ಇಲ್ಲ.
ಕಾಣದಿದ್ದರೆ ಇದೆ.
ಕಾರವಾರದ ಈ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ,
ಹೊಸಬರಿಗೆ ಇದೊಂದನ್ನು ಎರಡು ಸಲ ಹೇಳುತ್ತೇನೆ.

ಅವತ್ತು ಅರಬೈಲ್ ಘಟ್ಟ ಇಳಿದು ಮೊದಲ ಬಸ್ಸಿಗೆ ಬಂದಿದ್ದರು
ರುಜಾರಿ ಸಿದ್ದಿ, ಬಸ್ತ್ಯಾಂವ ಸಿದ್ದಿ.
ಮದುವೆಗೆ ಹದಿನೆಂಟು ದಿನ.
ತಿರುವಿನಲ್ಲಿ ವಾಂತಿ ಬಂತೆಂದು ಅವಳೇ ನಕ್ಕಳು,
ಅವನು ಇಸ್ತ್ರಿಯ ಅಂಗಿ ಮುದುಡದಂತೆ
ಬೆಂಚಿನ ತುದಿಗೆ ಕೂತಿದ್ದ.
ನನ್ನ ಕಾಗದ ಹರಿದುಹೋಗಿತ್ತು.
ಅವರದೇ ಲಗ್ನಪತ್ರಿಕೆ ಕೇಳಿ ಪಡೆದು
ಗೋಡೆಗೆ ಒರಗಿಸಿದೆ.

ಅವನ ನಳಿಕೆ ಹಿಡಿದಾಗ ಅವನ ಹೆಸರು ಹೋಯಿತು.
ಅವಳದು ಹಿಡಿದಾಗ
ಇಗರ್ಜಿ, ತಾರೀಕು, ಊಟದ ಹೊತ್ತು.

ನಿಯಮದಂತೆ ಇನ್ನೊಂದು ನಳಿಕೆ ಬೇಕು,
ಏನೂ ಇಲ್ಲದ ರಕ್ತ, ಹೋಲಿಸಿ ನೋಡಲು.
ಪೆಟ್ಟಿಗೆಯಲ್ಲಿದ್ದದ್ದು ತೀರಿತ್ತು.
ನನ್ನ ಬೆರಳನ್ನೇ ಚುಚ್ಚಿಕೊಂಡೆ.
ಬೈತಖೋಲದ ಖಾರ್ವಿ ಹೆಂಗಸು, ಮೂರು ಹೆತ್ತವಳು,
ನನಗಿಂತ ಏನೂ ಇಲ್ಲದವರು ಯಾರಿದ್ದಾರೆ?

ಐದು ನಿಮಿಷ.
ಹೊರಗೆ ಯಾರೋ ಬಾಂಗಡೆಗೆ ಚೌಕಾಸಿ ಮಾಡುತ್ತಿದ್ದರು.
ನಳಿಕೆಯೊಳಗೆ ಅಕ್ಕಚ್ಚಿನ ಬಣ್ಣ.
ಮತ್ತೆ ಮಾಡಿದೆ. ಮತ್ತೂ ಅದೇ.

ಅರ್ಜಿಯಲ್ಲಿ ಸಮುದಾಯ ಎಂಬ ಖಾನೆ ಇದೆ.
ಇದು ಅವರ ಕಾಯಿಲೆ ಎಂದು ತರಬೇತಿಯಲ್ಲಿ ಬೆರಳು ತೋರಿಸಿದ್ದರು,
ನಾನೂ ಬರೆದುಕೊಂಡಿದ್ದೆ.
ಬಂದರಿನ ಊರು ನಮ್ಮದು.
ಎಷ್ಟು ಹಡಗು ಲಂಗರು ಹಾಕಿದವೋ,
ಯಾವ ರಾತ್ರಿ ಯಾರ ಮನೆಯ ಚಿಮಣಿ ಬೇಗ ಆರಿತೋ,
ಯಾವ ಖಾನೆಯಲ್ಲಿ ಬರೆಯಲಿ?

ಅಜ್ಜಿ ಹೇಳುತ್ತಿದ್ದಳು:
ಚಳಿಜ್ವರದ ವರ್ಷ ನಮ್ಮ ಓಣಿಯ
ಹನ್ನೊಂದು ಮಕ್ಕಳು ಮರಳಿಗೆ ಹೋದರು,
ತಾನೊಬ್ಬಳು ಎದ್ದು ಗಂಜಿ ಕೇಳಿದಳಂತೆ.
ದೇವಿ ಕಾಯ್ದಳು.
ಇರಬಹುದು. ದೇವಿಯ ಕೈಯಲ್ಲೂ
ಬಾಗಿದ್ದೇನೋ ಇರುತ್ತದೆ.
ಸೊಳ್ಳೆ ಬಿಟ್ಟ ಜೀವಿ ಕಣದೊಳಗೆ ಹೊಕ್ಕು
ಉಸಿರು ಹೀರತೊಡಗಿದರೆ
ಕಣ ಬಾಗಿ ಕುಡುಗೋಲಾಗುತ್ತದೆ;
ಗುಲ್ಮ ಅದನ್ನು ಒಳಗಿನ ಬಾಡಿಗೆಯವನ ಸಮೇತ
ಹೆಕ್ಕಿ ಎಸೆಯುತ್ತದೆ, ಅಕ್ಕಿಯ ಕಲ್ಲಿನಂತೆ.

ಹಾಗೆಂದು ತಿಳಿದ ಕೂಡಲೇ
ಗುಣೋ ನೆನಪಾದ.
ನನ್ನ ತಮ್ಮ. ಒಂಬತ್ತು ವರ್ಷ ಇದ್ದ.
ಮೊಣಕಾಲು ಊದಿ ಕಿರುಚುವಾಗ
ಉಪ್ಪಿನ ಬಿಸಿ ಪೊಟ್ಟಣ ಇಡುತ್ತಿದ್ದೆವು.
ವಾಯು ಎಂದರು, ಗಾಳಿ ಸೋಕಿದೆ ಎಂದರು.
ಅಪ್ಪನ ಕಡೆಯಿಂದ ಒಂದು, ಅಮ್ಮನ ಕಡೆಯಿಂದ ಒಂದು,
ಎರಡೂ ಅವನ ಪಾಲಿಗೆ ಬಂದಿದ್ದವು.
ನನ್ನ ಪಾಲಿಗೆ ಒಂದೇ.
ಅಜ್ಜಿಯನ್ನು ಕಾಯ್ದದ್ದೇ ಅವನನ್ನು ಕೊಯ್ದದ್ದು.
ಕಾಯ್ದ, ಕೊಯ್ದ,
ನಡುವೆ ಒಂದು ಸ್ವರ.
ರಕ್ತದಲ್ಲೂ ಅಷ್ಟೇ, ಉದ್ದನೆಯ ಓಲೆಯಲ್ಲಿ
ಒಂದಕ್ಷರ ಬೇರೆ.

ಕಾಳಿ ಸಮುದ್ರ ಸೇರುವಲ್ಲಿ
ಬೆಳಚು ಹೆಕ್ಕಿದವಳು ನಾನು.
ಪೂರ್ತಿ ಸಿಹಿನೀರಲ್ಲಿ ಅದು ಬದುಕದು.
ಕಡಲೇ ಮೇಲೆ ಬಂದ ವರ್ಷ
ಬರೀ ಚಿಪ್ಪು ಸಿಗುತ್ತದೆ.

"ಅಕ್ಕೋರೇ, ಆಯ್ತಾ?"

ಹೇಳಿದೆ. ಹುಬ್ಬಳ್ಳಿಯ ಯಂತ್ರ ಖಚಿತಪಡಿಸಬೇಕು,
ಆದರೂ ಹೇಳಿದೆ.
ನಾಲ್ಕರಲ್ಲಿ ಒಂದು ಮಗು. ಪ್ರತಿ ಬಸಿರಿಗೂ ಹೊಸ ಕವಡೆ,
ಹೋದ ಆಟ ನೆನಪಿರುವುದಿಲ್ಲ ಅದಕ್ಕೆ.
ಹುಟ್ಟುವ ಮೊದಲೇ ನೋಡಬಹುದು, ಔಷಧವೂ ಇದೆ,
ಗುಣೋನ ಕಾಲವಲ್ಲ ಇದು.

ಬಸ್ತ್ಯಾಂವ ಅಂಗಿಯ ತೋಳು ಇಳಿಸಿಕೊಂಡ.
"ನಮ್ಮದು ಕೆಟ್ಟ ರಕ್ತವಾ?"

ಚಳಿಜ್ವರದ ಊರಲ್ಲಿ ಇದಕ್ಕೊಂದು ಉತ್ತರವಿದೆ,
ಜ್ವರ ಬಿಟ್ಟುಹೋದ ಊರಲ್ಲಿ ಇನ್ನೊಂದು.
ಎರಡೂ ಬಾಯಿಗೆ ಬರಲಿಲ್ಲ.
ಮೂರನೇ ನಳಿಕೆ ಅವನ ಕೈಗೆ ಕೊಟ್ಟೆ.

ರುಜಾರಿ ಬಗ್ಗಿ ನೋಡಿದಳು, ಪತ್ರಿಕೆಯ ಎದುರು
ಆಚೆ ಈಚೆ ಸರಿಸಿ.
"ನಿಮ್ಮದರಲ್ಲೂ ನಮ್ಮ ಹೆಸರು ಕಾಣೋದಿಲ್ಲ."

ಹೋಗುವಾಗ ಪತ್ರಿಕೆ ಹಿಂದಿರುಗಿಸಲು ಹೋದೆ.
ನಳಿಕೆಯ ತಳದ ಒದ್ದೆ ಉಂಗುರ ಮೂರು
ಒಂದರೊಳಗೊಂದು ಸಿಕ್ಕಿಕೊಂಡಿದ್ದವು.
ಇಟ್ಕೊಳ್ಳಿ, ಎಂದಳು.
ಬನ್ನಿ ಎಂದಳೋ ಇಲ್ಲವೋ,
ಫ್ಯಾನಿನ ಸದ್ದಿಗೆ ಕೇಳಲಿಲ್ಲ.